ಬಾಗ್ದಾದಿನ ಬಗ್ಗೆ ನಾನು ಹೇಳಿದ ಮಾತು

ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ನಮ್ಮ ಮನೆಯ ಸೋಫಾ ಎದ್ದು ನಿಲ್ಲುತ್ತಿತ್ತು. ಓಕ್ಲ್ಯಾಂಡಿನ ಹತ್ತಿರದ ಡಬ್ಲಿನ್‌ನ ಆ ಅಪಾರ್ಟ್‌ಮೆಂಟಿನಲ್ಲಿ ಇದ್ದದ್ದು ಒಂದು ಹಾಲು, ಒಂದು ಬೆಡ್‌ರೂಮು, ಇಬ್ಬರು ನಿಂತರೆ ಮೊಣಕೈಗೆ ಮೊಣಕೈ ತಾಗುವ ಅಡುಗೆಮನೆ, ಅಷ್ಟೇ. ಹಾಲಿನಲ್ಲಿ ಹದಿನಾಲ್ಕು ಮಕ್ಕಳು ಕೂರಬೇಕೆಂದರೆ ಸೋಫಾವನ್ನು ಎಲ್ಲಾದರೂ ಸಾಗಹಾಕಬೇಕಲ್ಲ. ಅಪ್ಪ ಒಂದು ತುದಿ, ನಾನು ಇನ್ನೊಂದು ತುದಿ ಹಿಡಿದು ಎತ್ತಿ, ಬೆಡ್‌ರೂಮಿನ ಬಾಗಿಲಿಗೆ ನೆಟ್ಟಗೆ ಒರಗಿಸುತ್ತಿದ್ದೆವು. ವಾರವಿಡೀ ಓಕ್ಲ್ಯಾಂಡಿನ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ದುಡಿದು, ರೈಲಿನಲ್ಲಿ ನಿಂತುಕೊಂಡೇ ಮನೆಗೆ ಬರುತ್ತಿದ್ದ ಅವ್ವ ಆ ಹೊತ್ತಿಗೆ ಎದ್ದು ಹೊರಗೆ ಬಂದಿರದಿದ್ದರೆ ಮುಗಿಯಿತು, ಹನ್ನೊಂದರವರೆಗೆ ಒಳಗೇ ಇರಬೇಕು. ಎಷ್ಟೋ ಶನಿವಾರ ಅವಳು ಬಾಗಿಲ ಸಂದಿಯಿಂದ ನನ್ನನ್ನು ಕರೆದು ಒಂದು ಲೋಟ ಚಹಾ ಇಸಿದುಕೊಂಡದ್ದುಂಟು.

"ಸ್ವಂತ ಮನ್ಯಾಗ ನನಗ ಜೇಲು ಆತಲ್ಲ ಇದು," ಅನ್ನುತ್ತಿದ್ದಳು. ಆದರೆ ಕ್ಲಾಸು ಬೇಡ ಎಂದು ಒಂದು ದಿನವೂ ಅಂದವಳಲ್ಲ.

ಯಾಕೆ ಅನ್ನಲಿಲ್ಲ ಎನ್ನುವುದು ನನಗೆ ಆಗಲೇ ಗೊತ್ತಿತ್ತು. ಧಾರವಾಡದಲ್ಲಿ ಅಪ್ಪ ಕಾಲೇಜಿನಲ್ಲಿ ಗಣಿತದ ಲೆಕ್ಚರರ್ ಆಗಿದ್ದರು. ಅವ್ವನ ಕೆಲಸದ ಮೇಲೆ ನಾವು ಮೂವರೂ ಇಲ್ಲಿಗೆ ಬಂದಾಗ ನನಗೆ ಆರು ವರ್ಷ. ಅಪ್ಪನ ವೀಸಾ ಕಾಗದಗಳಲ್ಲಿ ಅವರು ಅವ್ವನ ಅವಲಂಬಿತರು, ಕೆಲಸ ಮಾಡುವಂತಿಲ್ಲ. ಸೋಮವಾರದಿಂದ ಶುಕ್ರವಾರದವರೆಗೆ ಅವರು ನನ್ನ ಟಿಫಿನ್ ಡಬ್ಬಿ ಕಟ್ಟುತ್ತಿದ್ದರು, ಬಟ್ಟೆ ಮಡಚುತ್ತಿದ್ದರು, ಗ್ರೋಸರಿಯಲ್ಲಿ ಬದನೆಕಾಯಿಯನ್ನು ಒಂದೊಂದಾಗಿ ತಿರುಗಿಸಿ ನೋಡುತ್ತಿದ್ದರು, ಸಣ್ಣಪುಟ್ಟದಕ್ಕೆಲ್ಲ ಸಿಡುಕುತ್ತಿದ್ದರು. ಶನಿವಾರ ಮಾತ್ರ ಇಸ್ತ್ರಿ ಅಂಗಿ ಹಾಕಿಕೊಂಡು ಗೋಡೆಯ ವೈಟ್‌ಬೋರ್ಡಿನ ಮುಂದೆ ನಿಲ್ಲುತ್ತಿದ್ದರು. ಫೀಸಿಲ್ಲ, ಬಂದವರೆಲ್ಲ ಕಲಿಯಬಹುದು. ಮಕ್ಕಳನ್ನು ಬಿಡಲು ಬಂದ ಇಂಜಿನಿಯರುಗಳು ಬಾಗಿಲಲ್ಲಿ ಶೂ ಬಿಚ್ಚಿ, ತಗ್ಗಿದ ದನಿಯಲ್ಲಿ "ಸರ್, ಒಳಗೆ ಬರಬಹುದಾ?" ಎಂದು ಕೇಳುತ್ತಿದ್ದರು. ಆ ಎರಡು ಗಂಟೆ ನನ್ನ ಅಪ್ಪ ಸರ್ ಆಗಿರುತ್ತಿದ್ದರು. ಉಳಿದ ದಿನಗಳ ಅಪ್ಪನಿಗಿಂತ ಆ ಅಪ್ಪನೇ ನನಗೆ ಇಷ್ಟ.

ಕ್ಲಾಸು ಶುರುವಾಗುವುದು ಒಂದು ಕಥೆಯಿಂದ. ಐದು ನಿಮಿಷ, ಇಂಗ್ಲಿಷಿನಲ್ಲಿ, ನಮ್ಮ ಪೂರ್ವಜರ ಗಣಿತದ ಬಗ್ಗೆ. ಸೊನ್ನೆ ನಮ್ಮದು, ಅಂಕಿಗಳು ನಮ್ಮವು ಎಂದು ಆರಂಭವಾಗಿ, ಕೊನೆಗೆ ಬರುವುದು ಯಾವಾಗಲೂ ಒಂದೇ ಮಾತಿಗೆ. ಅರಬರು ನಮ್ಮ ಗಣಿತದ ಅಂಚೆಯವರು ಮಾತ್ರ, ಪತ್ರ ಮುಟ್ಟಿಸಿದರು, ಬರೆದವರಲ್ಲ. ಮಕ್ಕಳು ಇದನ್ನು ಆಕಳಿಸುತ್ತ ಕೇಳುತ್ತಿದ್ದರು. ಆದರೆ ಗೋಡೆಗೊರಗಿ ನಿಂತ ತಂದೆತಾಯಿಗಳಿಗೆ ಅದೇ ಬೇಕಾಗಿತ್ತು. ಸ್ಯಾನ್ ರಮೋನ್‌ನಿಂದ ಅವಳಿ ಗಂಡುಮಕ್ಕಳನ್ನು ಕರೆತರುತ್ತಿದ್ದ ಶ್ರೀಧರ್ ಅಂಕಲ್ ಅಂಚೆಯವರ ಮಾತು ಬಂದಾಗಲೆಲ್ಲ ತಲೆಯಾಡಿಸಿ ನಗುತ್ತಿದ್ದರು, ಆ ನಗು ಕಂಡರೆ ಅಪ್ಪನ ದನಿ ಇನ್ನೊಂದಿಷ್ಟು ಏರುತ್ತಿತ್ತು.

ನನಗೆ ಹನ್ನೆರಡು ತುಂಬಿದ ವರ್ಷ ಆ ಹಾಲಿಗೆ ಲೈಲಾ ಬಂದಳು. ಏಳನೇ ಕ್ಲಾಸಿನಲ್ಲಿ ನನ್ನ ಪಕ್ಕ ಕೂರುವವಳು. ನನ್ನ ಅಪ್ಪ ಗಣಿತ ಹೇಳಿಕೊಡುತ್ತಾರೆಂದು ಜಂಬ ಕೊಚ್ಚಿಕೊಂಡು ಕರೆದವಳು ನಾನೇ. ಅವಳ ತಂದೆ ಹಮೀದ್ ಅಂಕಲ್ ಬಾಗ್ದಾದಿನಲ್ಲಿ ಓದಿ, ಬಸ್ರಾದಲ್ಲಿ ಭೂಮಿ ಅಳೆಯುವ ಸರ್ವೇಯರ್ ಆಗಿದ್ದವರು, ಇಲ್ಲಿ ಓಕ್ಲ್ಯಾಂಡಿನ ಬಂದರಿನಲ್ಲಿ ಕಂಟೇನರುಗಳ ನಡುವೆ ಕೆಲಸ. ಮೊದಲ ದಿನ ಒಂದು ಡಬ್ಬಿ ಖರ್ಜೂರದ ಬಿಸ್ಕತ್ತು ಹಿಡಿದು ಬಂದು, ಎರಡೂ ಕೈಯಲ್ಲಿ ಅಪ್ಪನ ಕೈ ಹಿಡಿದು, ಗುರುಗಳೇ ಎನ್ನುವ ಹಾಗೆ "ಉಸ್ತಾದ್" ಎಂದರು. ಅಪ್ಪನ ಮುಖ ಅರಳಿದ್ದನ್ನು ನೋಡಬೇಕಿತ್ತು. ಅವರು ಮಗಳನ್ನು ಬಿಟ್ಟು ಹೋದರು, ಕ್ಲಾಸು ಶುರುವಾಯಿತು, ಅಂದರೆ ಕಥೆ ಶುರುವಾಯಿತು. ಇವತ್ತು ಆ ಮಾತು ಬಿಡುತ್ತಾರೆ, ಇವತ್ತಾದರೂ ಬಿಡುತ್ತಾರೆ ಎಂದು ನಾನು ಕಾರ್ಪೆಟ್ಟಿನ ನೂಲು ಕೀಳುತ್ತ ಕೂತಿದ್ದೆ. ಬಿಡಲಿಲ್ಲ. ಪಕ್ಕಕ್ಕೆ ತಿರುಗಿದರೆ ಲೈಲಾ ತಲೆ ತಗ್ಗಿಸಿ ಬರೆದುಕೊಳ್ಳುತ್ತಿದ್ದಳು. ಸೂತ್ರ ಬರೆದುಕೊಳ್ಳುವ ಹಾಗೆಯೇ ಅದನ್ನೂ ನೋಟ್‌ಬುಕ್ಕಿನಲ್ಲಿ ಬರೆದು, ಕೆಳಗೆ ಸ್ಕೇಲು ಇಟ್ಟು ಗೆರೆ ಎಳೆದಳು. ಆಮೇಲಿನ ಶನಿವಾರಗಳಲ್ಲಿ ಅಪ್ಪ ಅದನ್ನು ಹೇಳುವಾಗ ಅವಳು ಬರೆಯುತ್ತಿರಲಿಲ್ಲ, ಸುಮ್ಮನೆ ಬೋರ್ಡು ನೋಡುತ್ತಿದ್ದಳು. ಆದರೂ ಬರುವುದನ್ನು ತಪ್ಪಿಸಲಿಲ್ಲ. ಅಪ್ಪನ ಲೆಕ್ಕಗಳು ಅವಳಿಗೆ ನಿಜವಾಗಿ ಸೇರಿದ್ದವು.

ಅದೇ ತಿಂಗಳು ಶಾಲೆಯ ಇತಿಹಾಸದ ಪಾಠದಲ್ಲಿ ಇಬ್ಬಿಬ್ಬರು ಸೇರಿ ಒಂದೊಂದು ಚಾರ್ಟು ಮಾಡಬೇಕೆಂದಾಯಿತು. ನಮ್ಮಿಬ್ಬರಿಗೆ ಬಂದದ್ದು ಹಳೆಯ ಕಾಲದ ಅರಬ್ ಗಣಿತ. ಟೀಚರು ಬೇಕೆಂದೇ ಕೊಟ್ಟರೋ ಏನೋ. ಲೈಲಾಳ ಮನೆಯ ಡೈನಿಂಗ್ ಟೇಬಲ್ಲಿನ ಮೇಲೆ ನಾವು ಪುಸ್ತಕ ಹರಡಿಕೊಂಡು ಕೂತಾಗ ಹಮೀದ್ ಅಂಕಲ್ ಕತ್ತರಿ, ರಟ್ಟು ತಂದು ನಮ್ಮ ಎದುರು ಕೂತರು. ಬಾಗ್ದಾದಿನ ಪಂಡಿತರು ಎಕ್ಸ್, ವೈ ಎಂದೆಲ್ಲ ಬರೆಯುತ್ತಿರಲಿಲ್ಲ, ಎಲ್ಲವನ್ನೂ ಮಾತಿನಲ್ಲಿ ಹೇಳುತ್ತಿದ್ದರು ಎಂದರು. ಒಂದು ಚೌಕ ಮತ್ತು ಅದರ ಬದಿಯ ಹತ್ತರಷ್ಟು ಸೇರಿದರೆ ಮೂವತ್ತೊಂಬತ್ತು, ಹಾಗಾದರೆ ಬದಿ ಎಷ್ಟು? ಅವರು ರಟ್ಟಿನ ಚೌಕ ಒಂದನ್ನು ಮೇಜಿನ ಮೇಲಿಟ್ಟರು. ಹತ್ತನ್ನು ಎರಡು ಪಾಲು ಮಾಡಿ, ಐದೈದು ಅಗಲದ ಎರಡು ಪಟ್ಟಿ ಕತ್ತರಿಸಿ, ಒಂದನ್ನು ಚೌಕದ ಬಲಕ್ಕೆ, ಇನ್ನೊಂದನ್ನು ಕೆಳಕ್ಕೆ ಅಂಟಿಸಿದರು. ಒಂದು ಮೂಲೆ ಖಾಲಿ ಉಳಿಯಿತು. "ಏನು ಕಡಿಮೆ ಇದೆ, ನೋಡಿ," ಎಂದರು. ಐದು ಐದಲ ಇಪ್ಪತ್ತೈದರ ಪುಟ್ಟ ಚೌಕ. ಅದನ್ನು ಅಲ್ಲಿ ಕೂರಿಸಿದರೆ ಇಡೀ ಆಕೃತಿ ದೊಡ್ಡ ಚೌಕ, ಮೂವತ್ತೊಂಬತ್ತೂ ಇಪ್ಪತ್ತೈದೂ ಸೇರಿ ಅರವತ್ತನಾಲ್ಕು, ಅದರ ಬದಿ ಎಂಟು. ಎಂಟರಲ್ಲಿ ಐದು ಕಳೆದರೆ ಮೂರು. ಅಪ್ಪ ಈ ಜಾತಿಯ ಲೆಕ್ಕವನ್ನು ನನ್ನಿಂದ ನೂರು ಸಲ ಮಾಡಿಸಿದ್ದರು, ನಾನು ಕಣ್ಣುಮುಚ್ಚಿ ಬಿಡಿಸುತ್ತಿದ್ದೆ. ಅದರೊಳಗೆ ಒಂದು ಖಾಲಿ ಮೂಲೆ ಇದೆಯೆಂದು ನನಗೆ ಗೊತ್ತಾದದ್ದು ಆ ದಿನ. ಖುಷಿಗೆ ನಾನು ಇನ್ನೊಂದು ರಟ್ಟು ತೆಗೆದುಕೊಂಡು ನಾನೇ ಕತ್ತರಿಸಿ ನೋಡಿದೆ.

ನಮ್ಮ ಪುಸ್ತಕದಲ್ಲಿ ಇನ್ನೊಂದು ವಿಷಯವಿತ್ತು. ಸೊನ್ನೆ ಸೇರಿದ ಹತ್ತು ಅಂಕಿಗಳ ಲೆಕ್ಕವನ್ನು ಬಾಗ್ದಾದಿನವರು ಕಲಿತಾಗ ಅದಕ್ಕೆ ಭಾರತದ ಲೆಕ್ಕ ಎಂದೇ ಹೆಸರಿಟ್ಟರಂತೆ. ತಮ್ಮದೆಂದು ಹೇಳಿಕೊಳ್ಳಲಿಲ್ಲ. ಲೈಲಾ ಆ ಸಾಲನ್ನು ಚಾರ್ಟಿನ ನಡುವೆ ದಪ್ಪ ಅಕ್ಷರದಲ್ಲಿ ಬರೆದು, ಪೆನ್ನಿಗೆ ಮುಚ್ಚಳ ಹಾಕುತ್ತ ನನ್ನನ್ನು ಕೇಳಿದಳು. ನಾವು ಮಾತಾಡುತ್ತಿದ್ದದ್ದು ಇಂಗ್ಲಿಷಿನಲ್ಲಿ.

"ನಿಮ್ಮ ಅಪ್ಪನಿಗೆ ಇದು ಗೊತ್ತಾ?"

"ಗೊತ್ತಿಲ್ಲ ಅನ್ಸುತ್ತೆ," ಎಂದೆ. "ಗೊತ್ತಿದ್ರೆ ಹೇಳ್ತಿದ್ರು."

ಅದನ್ನು ನಾನು ನಂಬಿಯೇ ಹೇಳಿದ್ದು.

ವರ್ಷಕ್ಕೊಮ್ಮೆ ಅಪ್ಪ ಗಣಿತದ ದಿನ ಎಂದು ಮಾಡುತ್ತಿದ್ದರು. ತಂದೆತಾಯಿಗಳೆಲ್ಲ ಬರಬೇಕು, ಮಕ್ಕಳು ಬೋರ್ಡಿನ ಮೇಲೆ ಲೆಕ್ಕ ಮಾಡಿ ತೋರಿಸಬೇಕು, ಆಮೇಲೆ ಫಳಾರ. ಆರಂಭದ ಕಥೆಯನ್ನು ಅವತ್ತು ಕನ್ನಡದಲ್ಲಿ ಹೇಳುವ ರೂಢಿ, ಹೇಳುವವಳು ನಾನು. ಉಳಿದ ಮಕ್ಕಳಿಗೆ ಕನ್ನಡ ಕೇಳಿದರೆ ತಿಳಿಯುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಹಾಗಾಗಿ ಗಟ್ಟಿಯಾಗಿ ಕನ್ನಡ ಮಾತಾಡುವ ಹುಡುಗಿಯನ್ನು ನೋಡಿ ದೊಡ್ಡವರು ಕಣ್ಣು ಒದ್ದೆ ಮಾಡಿಕೊಳ್ಳುತ್ತಿದ್ದರು, ಅಪ್ಪ ನನ್ನನ್ನು ನಡುವೆ ನಿಲ್ಲಿಸಿ ಮೆರೆಸುತ್ತಿದ್ದರು. ಆ ವರ್ಷದ ಗಣಿತದ ದಿನಕ್ಕೆ ಎರಡು ದಿನ ಮುಂಚೆ, ಗುರುವಾರ ಸಂಜೆಯ ಊಟಕ್ಕೆ ಕೂತಾಗ ಅಪ್ಪ ಕಥೆ ಒಪ್ಪಿಸು ಎಂದರು. ನಾನು ಅಂಚೆಯವರ ಮಾತಿನವರೆಗೆ ಬಂದು ನಿಲ್ಲಿಸಿದೆ.

"ಅಪ್ಪಾ, ಇದು ತಪ್ಪು. ಅವರು ನಮ್ಮ ಹೆಸರು ಹೇಳ್ಯಾರ. ಅಲ್ಜಿಬ್ರಾ ಅವರಽ ಕಟ್ಟ್ಯಾರ. ಬುಕ್ಕಿನಾಗ ಅದ."

ಅಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಲಿಲ್ಲ. "ನಮ್ಮವರೂ ಅಂಥಾ ಲೆಕ್ಕ ಬಿಡಿಸ್ಯಾರ. ಅವರಿಗಿಂತ ಮೊದಲಽ ಬಿಡಿಸ್ಯಾರ."

"ಬಿಡಿಸಿರಬಹುದು. ಆದ್ರ ಚೌಕ ಇಟ್ಟು ಯಾಕ ಹಂಗ ಅಂತ ತೋರಿಸಿದವ್ರು ಅವರು. ಬರೇ ಅಂಚೆಯವರು ಅಂತ ಹ್ಯಾಂಗ ಅನ್ನೋದು? ಲೈಲಾ ಅಲ್ಲೇ ಕೂತಿರ್ತಾಳ."

"ನನಗ ಕಲಿಸಲಿಕ್ಕೆ ಬರಬ್ಯಾಡ," ಎಂದರು ಅಪ್ಪ. ದನಿ ಏರಿರಲಿಲ್ಲ, ಅದೇ ಹೆದರಿಕೆ ಹುಟ್ಟಿಸುವಂತಿತ್ತು. "ಹನ್ನೊಂದು ವರ್ಷ ಧಾರವಾಡದಾಗ ಆ ಚೌಕ ಹಾಕೇ ಪಾಠ ಮಾಡೀನಿ. ಅವರ ಹೆಸರು ಹೇಳೇ ಮಾಡೀನಿ. ನನಗ ಗೊತ್ತಿಲ್ಲನು?"

ಗೊತ್ತಿಲ್ಲದವರಿಗೆ ತಿಳಿಸಿಕೊಡಬಹುದು ಎಂದುಕೊಂಡು ಬಂದಿದ್ದೆ ನಾನು.

"ಗೊತ್ತಿದ್ರ ಮತ್ಯಾಕ?"

"ಯಾಕಂದ್ರ ಇವರು ಅದನ್ನ ಕೇಳಲಿಕ್ಕೆ ಬರೂದಿಲ್ಲ. ಇವರಿಗೆ ಲೆಕ್ಕ ಹೇಳಿಕೊಡಲಿಕ್ಕೆ ಊರು ತುಂಬ ಕ್ಲಾಸು ಅವ. ನನ್ನ ಹತ್ರ ಯಾಕ ಬರ್ತಾರ? ಈ ಕಥಿಗೆ ಬರ್ತಾರ. ಇದನ್ನ ತೆಗದ್ರ ನಾ ಯಾರು ಇಲ್ಲೆ? ಹೇಳು. ಬದನಿಕಾಯಿ ಆರಿಸಾಂವ."

"ರೀ, ಹುಡುಗಿ ಮುಂದ ಏನ್ ಮಾತದು," ಎಂದಳು ಅವ್ವ.

"ಅಕಿನೇ ಕೇಳ್ಯಾಳ. ಶನಿವಾರ ಇದ್ದದ್ದು ಇದ್ದಂಗ ಹೇಳ್ತಾಳ. ಆ ಲೈಲಾನ ತಂದಿಗೆ ಕನ್ನಡ ಬರೂದಿಲ್ಲ, ಅಂವಗೇನೂ ತಿಳಿಯೂದಿಲ್ಲ."

ಊಟ ಮುಗಿಸಿ ಕೈತೊಳೆಯುವಾಗ ಅವ್ವ ನನ್ನ ಬೆನ್ನ ಮೇಲೆ ಕೈಯಿಟ್ಟು, ನಿನಗೆ ಸರಿ ಕಂಡದ್ದು ಮಾಡು ಎಂದು ಮೆಲ್ಲಗೆ ಅಂದಳು. ಅದು ನನಗೆ ಸಹಾಯವಾಗಲಿಲ್ಲ, ಸಿಟ್ಟೇ ಬಂತು. ಸರಿ ಕಂಡದ್ದನ್ನು ಮಾಡಿದರೆ ಅಪ್ಪನನ್ನು ಆ ಹಾಲಿನ ನಡುವೆ, ಇಸ್ತ್ರಿ ಅಂಗಿಯಲ್ಲಿ, ಸುಳ್ಳ ಎಂದು ನಿಲ್ಲಿಸಬೇಕು. ಮಾಡದಿದ್ದರೆ ಲೈಲಾಳ ಮುಖ ನೋಡಬೇಕು. ಎರಡು ದಿನ ನಾನು ಇದನ್ನೇ ಅತ್ತಲಿಂದ ಇತ್ತ, ಇತ್ತಲಿಂದ ಅತ್ತ ಎಣಿಸಿದೆ. ಶುಕ್ರವಾರ ಶಾಲೆಯಲ್ಲಿ ಲೈಲಾ, ನಾಳೆ ನೀನು ಹೇಳುವುದು ಅದೇ ಕಥೆಯಾ ಎಂದು ಕೇಳಿದಳು. ಸ್ವಲ್ಪ ಬೇರೆ ಎಂದೆ.

ಶನಿವಾರ ಹಾಲು ಕಿಕ್ಕಿರಿದಿತ್ತು. ಅವ್ವ ಅಡುಗೆಮನೆಯಲ್ಲಿ ಮಂಡಕ್ಕಿಯ ಗಿರ್ಮಿಟ್ ಕಲೆಸುತ್ತಿದ್ದಳು, ರವೆಯ ಸಜ್ಜಕದ ತುಪ್ಪದ ವಾಸನೆ ಬಾಗಿಲಾಚೆಯ ಶೂಗಳವರೆಗೂ ಹೋಗಿತ್ತು. ಹಮೀದ್ ಅಂಕಲ್ ಕೋಟು ಹಾಕಿಕೊಂಡು ಬಂದು, ಎಲ್ಲರಿಗಿಂತ ಹಿಂದೆ, ನಿಲ್ಲಿಸಿದ ಸೋಫಾದ ಪಕ್ಕ ನಿಂತಿದ್ದರು. ಲೈಲಾ ಮುಂದಿನ ಸಾಲಿನಲ್ಲಿ ಮಂಡಿ ಮಡಚಿ ಕೂತಿದ್ದಳು. ಅಪ್ಪ ನನ್ನ ಹೆಗಲ ಮೇಲೆ ಒಂದು ಕೈ ಇಟ್ಟು, "ನನ್ನ ಮಗಳು ಮೇಧಾ," ಎಂದು ಪಕ್ಕಕ್ಕೆ ಸರಿದರು. ಆ ಕೈ ಬೆವೆತಿತ್ತು. ಅದು ಅಂಗಿಯ ಮೇಲಿಂದ ನನಗೆ ತಿಳಿದಾಗ, ನಾನು ಏನು ಹೇಳುತ್ತೇನೋ ಎಂದು ಅವರೂ ಹೆದರಿದ್ದಾರೆ ಎಂದು ಗೊತ್ತಾಯಿತು. ನಾನು ಸೊನ್ನೆಯಿಂದ ಶುರುಮಾಡಿದೆ. ಅಂಕಿಗಳನ್ನು ಹೇಳಿದೆ. ಕೊನೆಗೆ ಬಂದಾಗ ಲೈಲಾಳನ್ನು ನೋಡಬಾರದೆಂದು ಕಿಟಕಿಯಾಚೆಯ ಫ್ರೀವೇ ಕಡೆ ನೋಡುತ್ತ, ಅರಬರು ಎನ್ನುವಲ್ಲಿ ಬಾಗ್ದಾದಿನವರು ಎಂದಷ್ಟೇ ಬದಲಿಸಿ, ಒಂದೇ ಉಸಿರಿಗೆ ಹೇಳಿ ಮುಗಿಸಿದೆ.

"ಬಾಗ್ದಾದಿನವರು ನಮ್ಮ ಗಣಿತದ ಅಂಚೆಯವರು. ಪತ್ರ ಮುಟ್ಟಿಸಿದರು, ಬರೆದವರಲ್ಲ."

ಚಪ್ಪಾಳೆ ಬಿತ್ತು. ಶ್ರೀಧರ್ ಅಂಕಲ್ "ಸೂಪರ್" ಎಂದರು. ಅಪ್ಪ ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಚಪ್ಪಾಳೆ ನಿಂತ ಮೇಲೂ ಒಬ್ಬರು ತಟ್ಟುತ್ತಲೇ ಇದ್ದರು, ಹಮೀದ್ ಅಂಕಲ್. ಅವರು ಜನರ ನಡುವೆ ದಾರಿ ಮಾಡಿಕೊಂಡು ಎರಡು ಹೆಜ್ಜೆ ಮುಂದೆ ಬಂದರು. ಕಣ್ಣು ಹೊಳೆಯುತ್ತಿತ್ತು.

"ಉಸ್ತಾದ್, ಕ್ಷಮಿಸಿ. ಹುಡುಗಿ ಬಾಗ್ದಾದ್ ಅಂದಳು. ನನಗೆ ಕೇಳಿಸಿತು," ಎಂದರು ಇಂಗ್ಲಿಷಿನಲ್ಲಿ. "ಈ ದೇಶದಲ್ಲಿ ಆ ಹೆಸರು ನಾನು ಕೇಳೋದು ಟೀವಿಯ ಸುದ್ದಿಯಲ್ಲಿ ಮಾತ್ರ. ಹೊಗೆ, ಟ್ಯಾಂಕು, ಹೆಣ. ಇಂಥ ಒಂದು ಮನೆಯಲ್ಲಿ, ಮಕ್ಕಳ ಎದುರಿಗೆ, ಚಪ್ಪಾಳೆಯ ಜೊತೆಗೆ ಯಾರೂ ಹೇಳಿದ್ದು ಕೇಳಿಲ್ಲ. ಏನು ಹೇಳಿದಳು?"

ಅದು ಆ ಯುದ್ಧದ ಕಾಲ. ಸಂಜೆಯಾದರೆ ಎಲ್ಲರ ಮನೆಯ ಟೀವಿಯಲ್ಲಿ ಬಾಗ್ದಾದ್ ಉರಿಯುತ್ತಿತ್ತು, ನಾವು ಅದರ ಎದುರು ಕೂತು ಊಟ ಮಾಡುತ್ತಿದ್ದೆವು.

ನಾನು ಹೇಳಿದ್ದೇನೆಂದು ಅಲ್ಲಿದ್ದ ಕನ್ನಡದವರಿಗೆಲ್ಲ ಗೊತ್ತಿತ್ತು, ಪ್ರಶ್ನೆ ಕೇಳಿದವರಿಗೆ ಮಾತ್ರ ಗೊತ್ತಿರಲಿಲ್ಲ. ಕೆಲವರು ನೆಲ ನೋಡಿದರು. ಅಪ್ಪನ ಕೈಯಲ್ಲಿ ಮಾರ್ಕರ್ ಇತ್ತು, ಅದರ ಮುಚ್ಚಳ ತೆಗೆಯುತ್ತ, ಹಾಕುತ್ತ ನಿಂತರು. ನಾನು ಬಾಯಿ ತೆರೆಯಬಹುದಿತ್ತು. ಅಪ್ಪ ಮಾತಾಡುವವರೆಗಿನ ಆ ಹೊತ್ತಿನಲ್ಲಿ, ನಾನೇ ಇಂಗ್ಲಿಷಿನಲ್ಲಿ ಉತ್ತರ ಕೊಡಬಹುದಿತ್ತು, ನಿಜ ಹೇಳಬಹುದಿತ್ತು, ಕ್ಷಮಿಸಿ ಎನ್ನಬಹುದಿತ್ತು.

"ಅವಳು ಹೇಳಿದ್ದು ಇಷ್ಟು," ಎಂದರು ಅಪ್ಪ ಇಂಗ್ಲಿಷಿನಲ್ಲಿ, ನಿಧಾನವಾಗಿ. "ಬಾಗ್ದಾದಿನ ಪಂಡಿತರು ನಮ್ಮ ಅಂಕಿಗಳನ್ನು ಕಲಿತರು. ಕಲಿತದ್ದು ಭಾರತದವರಿಂದ ಎಂದು ಮುಚ್ಚುಮರೆಯಿಲ್ಲದೆ ಬರೆದಿಟ್ಟರು. ಆಮೇಲೆ ಬೀಜಗಣಿತವನ್ನು ಕಟ್ಟಿದರು, ಚೌಕ ಇಟ್ಟು ತೋರಿಸಿದರು. ಅದು ಅವರದು. ನಾವು ಅವರಿಗೆ ಋಣಿಗಳು."

"ಸರ್," ಎಂದರು ಶ್ರೀಧರ್ ಅಂಕಲ್ ಕನ್ನಡದಲ್ಲಿ, "ಅವಳು ಹೇಳಿದ್ದು ಹಂಗಲ್ಲ ಅಲ್ವಾ? ನೀವೇ ಯಾವಾಗ್ಲೂ..."

"ತಗೋರಿ, ಮೆತ್ತಗಾಗ್ತದ," ಎಂದು ಅವ್ವ ಅಡುಗೆಮನೆಯಿಂದ ಬಂದು ಗಿರ್ಮಿಟ್ಟಿನ ತಟ್ಟೆಯನ್ನು ಅವರ ಎರಡೂ ಕೈಗೆ ಕೊಟ್ಟಳು. ಅಪ್ಪ ಅವರತ್ತ ತಿರುಗಿ, "ಅಕಿ ಹೇಳಿದ್ದು ಅದಽ ಶ್ರೀಧರ್," ಎಂದರು. ಸರ್ ಅನ್ನಿಸಿಕೊಂಡವರ ದನಿಯಲ್ಲಿ ಹೇಳಿದರು.

ಹಮೀದ್ ಅಂಕಲ್ ನನ್ನ ಬಳಿ ಬಂದು ಬಗ್ಗಿ, ಅಪ್ಪನ ಕೈ ಹಿಡಿದ ಹಾಗೆಯೇ ನನ್ನ ಕೈಯನ್ನೂ ಎರಡು ಕೈಯಲ್ಲಿ ಹಿಡಿದು, ಥ್ಯಾಂಕ್ಯೂ ಎಂದರು. ಒಂದು ಸಲವಲ್ಲ, ಮೂರು ಸಲ. ನಾನು ತಲೆಯಾಡಿಸಿದೆ. ನನ್ನ ಬದುಕಿನಲ್ಲಿ ನಾನು ಹೇಳಿದ ಅತಿ ದೊಡ್ಡ ಸುಳ್ಳಿಗೆ ಮಾತೇ ಬೇಕಾಗಲಿಲ್ಲ. ಲೈಲಾ ಎದ್ದು ಹೊರಗೆ ಹೋಗಿದ್ದಳು. ನಾನು ಹೋದಾಗ ಮೆಟ್ಟಿಲ ಮೇಲೆ ಕೂತು ಶೂ ಲೇಸು ಕಟ್ಟುತ್ತಿದ್ದಳು.

"ನೀನು ಹೇಳಿದ್ದು ಅದೇನಾ?" ಎಂದಳು ತಲೆಯೆತ್ತದೆ.

"ಹೂಂ."

ಅವಳು ಇನ್ನೊಂದು ಲೇಸನ್ನೂ ಕಟ್ಟಿ ಮುಗಿಸಿದಳು. "ಕನ್ನಡದಲ್ಲಿ ಚಿಕ್ಕದಾಗಿತ್ತು," ಎಂದಳು.

ಎಲ್ಲರೂ ಹೋದ ಮೇಲೆ ನಾನು, ಅಪ್ಪ ಸೋಫಾ ಇಳಿಸಿದೆವು. ಅದನ್ನು ಗೋಡೆಗೆ ತಳ್ಳುತ್ತ ಅಪ್ಪ, "ನೀ ಖರೇ ಹೇಳಬೇಕಾಗಿತ್ತು," ಎಂದರು. ನೀವೇ ಬೇಡ ಎಂದಿರಿ ಎಂದೆ, ಅಳು ಬಂದಿತ್ತು. "ಹೌದು, ನಾ ಬ್ಯಾಡಂದೆ," ಎಂದು ಅವರು ಸೋಫಾದ ಮೇಲೆ ಕೂತರು. ಅದಾದ ಮೇಲೆ ಅಂಚೆಯವರ ಮಾತನ್ನು ಅವರು ಎಂದೂ ಹೇಳಲಿಲ್ಲ. ಶ್ರೀಧರ್ ಅಂಕಲ್ ಅವಳಿಗಳನ್ನು ಕ್ಲಾಸು ಬಿಡಿಸಿದರು, ಅವರ ಹಿಂದೆ ಇನ್ನೂ ನಾಲ್ಕೈದು ಮಕ್ಕಳು ಬಿಟ್ಟರು. ಇದಕ್ಕೆ ಅಪ್ಪ ನನ್ನ ಮೇಲೆ ಸಿಟ್ಟು ಮಾಡಲಿಲ್ಲ, ಮಾಡಿದ್ದರೆ ನನಗೆ ಹಗುರವಾಗುತ್ತಿತ್ತು.

ಸೋಮವಾರ ಶಾಲೆಯ ಊಟದ ಹೊತ್ತಿನಲ್ಲಿ ನಾನು ಲೈಲಾಳ ಎದುರು ಕೂತು, ಡಬ್ಬಿಯ ಮುಚ್ಚಳ ತೆಗೆಯದೆ, ನಾನು ಹೇಳಿದ್ದು ಅಂಚೆಯವರ ಮಾತನ್ನೇ ಎಂದೆ. ನಿನ್ನ ಅಪ್ಪನ ಹತ್ತಿರ ನಾನೇ ಬಂದು ಹೇಳುತ್ತೇನೆ, ಇವತ್ತು ಸಂಜೆಯೇ ಬರುತ್ತೇನೆ ಎಂದೆ.

"ನನಗೆ ಗೊತ್ತಿತ್ತು," ಎಂದಳು ಲೈಲಾ. "ಕಾರಿನಲ್ಲಿ ಬಾಬಾ ನನ್ನನ್ನ ಇನ್ನೊಂದ್ಸಲ ಕೇಳಿದ್ರು. ನಿಮ್ಮಪ್ಪ ಹೇಳಿದ್ದನ್ನೇ ಹೇಳ್ದೆ. ಮನೆಗೆ ಬಂದು ಬಸ್ರಾಕ್ಕೆ ಫೋನ್ ಮಾಡಿ ಅಜ್ಜಿಗೆ ಹೇಳಿದ್ರು. ಇಲ್ಲಿ ಒಬ್ಬಳು ಇಂಡಿಯನ್ ಹುಡುಗಿ ಎಲ್ಲರೆದುರು ನಮ್ಮ ಬಗ್ಗೆ ಹೀಗಂದಳು ಅಂತ. ಅಜ್ಜಿ ನಿನ್ನ ಹೆಸರು ಕೇಳಿ, ನಿನಗೋಸ್ಕರ ದೇವರ ಹತ್ರ ದುವಾ ಮಾಡ್ತಿದಾರೆ."

ಅವಳು ತನ್ನ ಟ್ರೇ ಎತ್ತಿಕೊಂಡು ನಿಂತಳು.

"ಅದಕ್ಕೆ, ನೀನು ಬರಬೇಡ," ಎಂದಳು. "ಬಾಬಾಗೆ ಯಾವತ್ತೂ ಹೇಳಬೇಡ."